ಸುಳ್ಳು ಸುದ್ದಿ ತಡೆಯೋದು ಸರಿ. ತೆಗೆಯೋ ಅಧಿಕಾರ ಯಾರ ಕೈಲಿ, ಎಷ್ಟು ಹೊತ್ತಿನಲ್ಲಿ, ಯಾವ ಕಾರಣ ಬರೆದು?

ತುಂಗಾತೀರ (ಚರ್ಚೆ ಆರಂಭ)

2025ರ ಜೂನ್‌ನಲ್ಲಿ ಹೊರಬಂದ ಕರ್ನಾಟಕದ ತಪ್ಪು ಮಾಹಿತಿ ಮತ್ತು ಸುಳ್ಳು ಸುದ್ದಿ (ನಿಷೇಧ) ಮಸೂದೆಯ ಕರಡನ್ನು ಮುಂದಿಟ್ಟುಕೊಂಡು ಮಾತಾಡೋಣ. ಸುಳ್ಳು ಸುದ್ದಿ ಹಾಕಿದವರಿಗೆ 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಅಂತ ಅದರಲ್ಲಿತ್ತು. ಸಚಿವರೇ ಅಧ್ಯಕ್ಷರಾಗಿರುವ 6 ಮಂದಿಯ ಪ್ರಾಧಿಕಾರ, ವಿಚಾರಣೆಗೆ ವಿಶೇಷ ನ್ಯಾಯಾಲಯ. ಸ್ತ್ರೀವಾದ ವಿರೋಧಿ ಬರಹ, ಸನಾತನ ಸಂಕೇತಗಳಿಗೆ ಅಗೌರವ, ಮೂಢನಂಬಿಕೆಯ ಪ್ರಚಾರ, ಇವನ್ನೂ ಅದೇ ಪ್ರಾಧಿಕಾರ ತಡೆಯಬೇಕು ಅಂತ ಸೇರಿಸಿದ್ದರು. ಇದು ಕರಡು ಮಾತ್ರ, ಬದಲಾಗುತ್ತದೆ ಅಂತ ಸರ್ಕಾರವೂ ಹೇಳಿತು.

ಬೇಕೋ ಬೇಡವೋ ಅನ್ನುವ ಮತ ಎಣಿಕೆ ನನಗೆ ಬೇಡ. ಇಂಥ ಕಾಯ್ದೆ ಬರುವುದೇ ಆದರೆ ಅದರ ಒಂದೊಂದು ಕಲಮೂ ಹೇಗಿರಬೇಕು? ವಿಷಯ ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ. ಪಕ್ಷಗಳ ಹೆಸರು ಎಳೆದು ತರುವುದು ಬೇಡ. ಇವತ್ತು ಈ ಸರ್ಕಾರ ಮಾಡಿಕೊಂಡ ಕಲಮನ್ನು ನಾಳೆ ಇನ್ನೊಂದು ಸರ್ಕಾರ ಬಳಸುತ್ತದೆ.

ಕಾನೂನು ಕಪಾಟು

ಮೊದಲು ಸಂವಿಧಾನದ 19(2)ನೇ ವಿಧಿ ತೆಗೆದು ನೋಡಿ. ಮಾತಿನ ಹಕ್ಕಿಗೆ ಮಿತಿ ಹಾಕಲು ಅಲ್ಲಿ 8 ಕಾರಣಗಳಿವೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ‘ಸುಳ್ಳು’ ಅನ್ನುವುದು ಆ ಪಟ್ಟಿಯಲ್ಲಿಲ್ಲ. ಸುಳ್ಳು ಈ ಎಂಟರಲ್ಲಿ ಒಂದನ್ನು ತಾಗಿದಾಗ ಮಾತ್ರ ಸರ್ಕಾರ ಕೈ ಹಾಕಬಹುದು. ಕರಡು ಎಡವಿದ್ದು ಇಲ್ಲಿಯೇ.

ಇದು ನನ್ನ ಊಹೆಯಲ್ಲ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ, ಅಂತರ್ಜಾಲದಲ್ಲಿ ಕಿರಿಕಿರಿ ಮಾಡುವಂಥದ್ದು ಬರೆದರೆ ಶಿಕ್ಷೆ ಅನ್ನುತ್ತಿದ್ದ 66ಎ ಕಲಮನ್ನು ರದ್ದು ಮಾಡಿತು. ‘ಕಿರಿಕಿರಿ’, ‘ಅನಾನುಕೂಲ’ ಎಂಬ ಪದಗಳಿಗೆ ಅಳತೆಗೋಲೇ ಇಲ್ಲ ಅನ್ನುವುದು ಅದಕ್ಕೆ ಕೊಟ್ಟ ಮುಖ್ಯ ಕಾರಣ. ಆಮೇಲೆ ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಐಟಿ ನಿಯಮಕ್ಕೆ ತಿದ್ದುಪಡಿ ತಂದು, ತನ್ನ ಕೆಲಸಕಾರ್ಯಗಳ ಬಗ್ಗೆ ‘ನಕಲಿ, ಸುಳ್ಳು ಅಥವಾ ದಾರಿತಪ್ಪಿಸುವ’ ಮಾಹಿತಿ ಯಾವುದು ಅಂತ ಗುರುತಿಸುವ ಸತ್ಯಪರಿಶೀಲನಾ ಘಟಕಕ್ಕೆ ಜಾಗ ಮಾಡಿಕೊಂಡಿತು. 2024ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಮಾರ್ಚ್‌ನಲ್ಲಿ ಘಟಕದ ಅಧಿಸೂಚನೆ ಹೊರಟ ಮರುದಿನವೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಮೂರನೆಯ ನ್ಯಾಯಮೂರ್ತಿ ಎ.ಎಸ್. ಚಂದೂರ್ಕರ್ ಅವರು ಆ ತಿದ್ದುಪಡಿ ಅಸಾಂವಿಧಾನಿಕ ಅಂದರು. ಆ ಮೂರೂ ಪದಗಳು ಅಸ್ಪಷ್ಟ, ತನ್ನ ಬಗೆಗಿನ ಮಾತಿಗೆ ಸರ್ಕಾರ ತಾನೇ ತೀರ್ಪುಗಾರನಾಗುತ್ತದೆ ಅನ್ನುವುದು ಅಲ್ಲಿ ನಡೆದ ವಾದದ ತಿರುಳು. ಸಚಿವರು ಅಧ್ಯಕ್ಷರಾಗಿರುವ ರಾಜ್ಯ ಪ್ರಾಧಿಕಾರಕ್ಕೂ ಇದೇ ವಾದ ಎದುರಾಗುತ್ತದೆ.

ಇನ್ನೊಂದು ತೊಡಕು ಅಧಿಕಾರ ವ್ಯಾಪ್ತಿಯದು. ಸಾರ್ವಜನಿಕ ಸುವ್ಯವಸ್ಥೆ, ಪೊಲೀಸು ರಾಜ್ಯಪಟ್ಟಿಯಲ್ಲಿವೆ, ದೂರಸಂಪರ್ಕ ಕೇಂದ್ರಪಟ್ಟಿಯಲ್ಲಿದೆ. ಜಾಲತಾಣದ ಕಂಪನಿಗೆ ‘ಇದನ್ನು ತೆಗೆ’ ಅಂತ ರಾಜ್ಯದ ಪ್ರಾಧಿಕಾರ ಆದೇಶ ಕೊಟ್ಟರೆ ಐಟಿ ಕಾಯ್ದೆಯ ಜೊತೆ ತಾಕಲಾಟ ತಪ್ಪಿದ್ದಲ್ಲ.

ಬೀದರ್ ಕಡೆಯವ

ಕಪಾಟು ಸರ್, ನೀವು ಹೇಳಿದ್ದು ಕೋರ್ಟಿನಾಗ ಖರೆ ಅದರೀ. ಆದ್ರ ಕೋರ್ಟಿನ ಹೊತ್ತು ಬ್ಯಾರೆ, ಗಾಳಿಸುದ್ದಿ ಹೊತ್ತು ಬ್ಯಾರೆ. 2018ರ ಜುಲೈ 13ರಂದು ಔರಾದ್ ತಾಲ್ಲೂಕಿನ ಮುರ್ಕಿಯೊಳಗ ಏನಾತು ನೆನಪು ಮಾಡ್ಕೋರಿ. ಹೈದರಾಬಾದ್ ಕಡೆಯಿಂದ ಕಾರಿನಾಗ ಬಂದವ್ರು ಹಾದಿಯಾಗಿನ ಊರಾಗ ಹುಡುಗ್ರಿಗೆ ಚಾಕಲೇಟ್ ಕೊಟ್ರು. ಮಕ್ಕಳ ಕಳ್ಳರು ಅಂತ ಗುಲ್ಲೆದ್ದಿತು. ಅವರು ಕಾರು ಹತ್ತಿ ಹೊಂಟ್ರು, ವಾಟ್ಸಾಪ್ ಗುಂಪಿನಾಗ ಸುದ್ದಿ ಅವ್ರಿಗಿಂತ ಮೊದಲ ಮುರ್ಕಿ ಮುಟ್ಟಿತ್ತು. ಹಾದಿ ಅಡ್ಡಗಟ್ಟಿದ್ರು. ಕಾರಿನಾಗ ಇದ್ದವ್ರೊಳಗ ಒಬ್ಬ ಸತ್ತ. ಅದಕ್ಕೂ ಮೊದಲ, ಅದೇ ವರ್ಷ ಮೇ ತಿಂಗಳಾಗ ಬೆಂಗಳೂರಿನ ಚಾಮರಾಜಪೇಟೆಯೊಳಗ ಇದೇ ಗುಮಾನಿ ಮ್ಯಾಲೆ ರಾಜಸ್ಥಾನದ ಒಬ್ಬ ಕೂಲಿಯವನ್ನ ಹೊಡೆದು ಕೊಂದಿದ್ರು.

ಆದೇಶ ಬಂದ ಮ್ಯಾಲೆ ತೆಗೆಯಾಕ 2021ರ ಐಟಿ ನಿಯಮ ಕಂಪನಿಗೆ ಕೊಟ್ಟಿದ್ದು 36 ಗಂಟೆ. 2026ರ ಫೆಬ್ರುವರಿ ತಿದ್ದುಪಡಿ ಅದನ್ನ 3 ಗಂಟೆಗೆ ಇಳಿಸೇತಿ. ಮುರ್ಕಿ ಲೆಕ್ಕದಾಗ 3 ಗಂಟೆನೂ ತಡನ. ಸಂವಿಧಾನದ ಮಾತು ಆಡೂಮುಂದ ಈ ಗಡಿಯಾರನೂ ಎದುರಿಗೆ ಇಟ್ಕೋರಿ.

ಸಂಕೇತ

ಬೀದರ್ ಅಣ್ಣಾ, ಗಡಿಯಾರದ ಮಾತು ಒಪ್ಪುತ್ತೇನೆ. ಆದರೆ ಮುರ್ಕಿಯಂಥ ಪ್ರಕರಣದಲ್ಲಿ 3 ಗಂಟೆಯಲ್ಲ, 3 ನಿಮಿಷ ಅಂತ ಬರೆದರೂ ‘ತೆಗೆಯುವ ಆದೇಶ’ ಕೆಲಸಕ್ಕೆ ಬರುವುದಿಲ್ಲ. ವಾಟ್ಸಾಪ್ ಸಂದೇಶ ಕಳಿಸುವವನ ಫೋನಿನಲ್ಲೇ ಬೀಗ ಹಾಕಿಕೊಂಡು, ಪಡೆಯುವವನ ಫೋನಿನಲ್ಲಿ ತೆರೆದುಕೊಳ್ಳುತ್ತದೆ. ನಡುವಿನ ಸರ್ವರಿಗೆ ಒಳಗೇನಿದೆ ಅಂತ ಕಾಣುವುದಿಲ್ಲ. ಫೇಸ್‌ಬುಕ್ ಪೋಸ್ಟಿಗೆ ಒಂದು ಕೊಂಡಿ (ಲಿಂಕ್) ಇರುತ್ತದೆ, ಅದನ್ನು ಹಿಡಿದು ತೆಗೆಸಬಹುದು. ವಾಟ್ಸಾಪಿನಲ್ಲಿ ತೆಗೆಯಲು ಕೊಂಡಿಯೇ ಇಲ್ಲ. ಬಂದವರೆಲ್ಲರ ಫೋನಿನಲ್ಲೂ ಒಂದೊಂದು ಪ್ರತಿ ಕೂತಿರುತ್ತದೆ.

ಅಲ್ಲಿ ಸ್ವಲ್ಪಮಟ್ಟಿಗೆ ಫಲ ಕೊಟ್ಟದ್ದು ವೇಗಕ್ಕೆ ಹಾಕಿದ ತಡೆ. 2018ರ ಜುಲೈನಲ್ಲಿ ಭಾರತದಲ್ಲಿ ಒಂದು ಸಲಕ್ಕೆ 5 ಕಡೆಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ತಂದರು, ಉಳಿದ ದೇಶಗಳಿಗೆ ಆಗ 20. ಗುಂಪಿನಲ್ಲಿ ಆಗ ಹೆಚ್ಚೆಂದರೆ 256 ಮಂದಿ. ಅಂದರೆ ಒಂದು ಒತ್ತಿಗೆ ಉಳಿದ ದೇಶಗಳಲ್ಲಿ 5,120 ಜನರನ್ನು ಮುಟ್ಟಬಹುದಾಗಿದ್ದರೆ, ಭಾರತದಲ್ಲಿ 1,280 ಜನರನ್ನು ಮಾತ್ರ. 2020ರ ಏಪ್ರಿಲ್‌ನಲ್ಲಿ, ಐದು ಕೈ ದಾಟಿ ಬಂದ, ಜೋಡಿ ಬಾಣದ ಗುರುತು ಬೀಳುವ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಅಂತ ಮಾಡಿದರು. ಅಂಥ ಸಂದೇಶಗಳ ಹರಿದಾಟ ಶೇ 70ರಷ್ಟು ಇಳಿಯಿತು ಅಂತ ಕಂಪನಿಯೇ ಹೇಳಿಕೊಂಡಿತು. ಯಾರ ಮಾತನ್ನೂ ಅಳಿಸಲಿಲ್ಲ, ಯಾವುದು ಸುಳ್ಳು ಅಂತ ಯಾರೂ ತೀರ್ಮಾನಿಸಬೇಕಾಗಲಿಲ್ಲ. ನನ್ನ ಮಟ್ಟಿಗೆ ಪ್ರಜಾಪ್ರಭುತ್ವಕ್ಕೆ ಒಗ್ಗುವ ಕ್ರಮ ಇದು.

ಇದರಲ್ಲೂ ಕಿಂಡಿಗಳಿವೆ. ಪಠ್ಯವನ್ನು ನಕಲು ಮಾಡಿ ಅಂಟಿಸಿದರೆ ಫಾರ್ವರ್ಡ್ ಎಣಿಕೆ ಸೊನ್ನೆಯಿಂದ ಶುರು. ವಿಡಿಯೊವನ್ನು ಫೋನಿಗೆ ಇಳಿಸಿಕೊಂಡು ಮತ್ತೆ ಹಾಕಿದರೂ ಅಷ್ಟೆ. ಗುಂಪಿನ ಗಾತ್ರವನ್ನು ಆಮೇಲೆ 1,024ಕ್ಕೆ ಏರಿಸಿದ್ದರಿಂದ ಮಿತಿಯ ಲಾಭ ಒಂದಷ್ಟು ಕರಗಿತು. ಮಿತಿ ಹಾಕುವಾಗ ‘ಎಷ್ಟು ಕಡೆಗೆ’ ಅನ್ನುವುದನ್ನು ಮಾತ್ರ ಎಣಿಸಿದರೆ ಸಾಲದು, ‘ಒಟ್ಟು ಎಷ್ಟು ಮಂದಿಗೆ’ ಅನ್ನುವುದನ್ನೂ ಎಣಿಸಬೇಕು.

‘ಮೊದಲು ಕಳಿಸಿದವನನ್ನು ಪತ್ತೆ ಮಾಡಿಕೊಡಿ’ ಅನ್ನುವ 2021ರ ನಿಯಮದ ಬಗ್ಗೆಯೂ ಒಂದು ಮಾತು. ಪ್ರತಿ ಸಂದೇಶಕ್ಕೂ ಒಂದು ಗಣಿತದ ಬೆರಳಚ್ಚು ಇಟ್ಟುಕೊಂಡರೆ ಸಾಕು ಅನ್ನುತ್ತಾರೆ. ಒಂದು ಅಕ್ಷರ, ಒಂದು ಚುಕ್ಕೆ ಬದಲಾದರೂ ಬೆರಳಚ್ಚು ಪೂರಾ ಬೇರೆ. ಮೇಲಾಗಿ, ಫೇಸ್‌ಬುಕ್ಕಿನಲ್ಲಿ ಕಂಡದ್ದನ್ನು ಗಾಬರಿಯಿಂದ ವಾಟ್ಸಾಪಿಗೆ ತಂದ ಅಮಾಯಕನೇ ‘ಮೊದಲಿಗ’ ಆಗಿ ಸಿಕ್ಕಿಬೀಳುತ್ತಾನೆ. ಇದನ್ನು ಪ್ರಶ್ನಿಸಿ ವಾಟ್ಸಾಪ್ 2021ರಲ್ಲೇ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು.

ಕಾನೂನು ಕಪಾಟು

ಸಂಕೇತ್ ಅವರು ಹೇಳಿದ ಐದರ ಮಿತಿ ನಮ್ಮ ಊರಿಗೆ ಹೊಸದಲ್ಲ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ಆಗುತ್ತದೆ ಎಂಬ ಎಸ್ಸೆಮ್ಮೆಸ್ ವದಂತಿಗೆ ಬೆಂಗಳೂರಿನಿಂದ ಸಾವಿರಾರು ಮಂದಿ ಗುವಾಹಟಿ ರೈಲು ಹತ್ತಿದಾಗ, ಕೇಂದ್ರ ಸರ್ಕಾರ 15 ದಿನಗಳ ಮಟ್ಟಿಗೆ ದಿನಕ್ಕೆ 5 ಎಸ್ಸೆಮ್ಮೆಸ್ ಮಾತ್ರ ಅಂತ ಮಿತಿ ಹಾಕಿತ್ತು. ಕೆಲವೇ ದಿನಗಳಲ್ಲಿ ಅದನ್ನು 20ಕ್ಕೆ ಏರಿಸಿತು.

ಅದೇ ವಾರ 300ಕ್ಕೂ ಹೆಚ್ಚು ಜಾಲಪುಟ, ಖಾತೆ, ಚಿತ್ರಗಳನ್ನು ತಡೆಯುವ ಆದೇಶಗಳು ಹೊರಟವು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿ ಆ ಪಟ್ಟಿಯನ್ನು ಬಿಡಿಸಿ ನೋಡಿದಾಗ, ವದಂತಿ ಸುಳ್ಳು ಅಂತ ವಿವರಿಸಿದ ಬರಹಗಳೂ ಅದರಲ್ಲಿ ಸಿಕ್ಕಿಬಿದ್ದಿದ್ದವು. ಸುಳ್ಳನ್ನು ಬಯಲು ಮಾಡುವ ಬರಹದಲ್ಲಿ ಆ ಸುಳ್ಳೂ, ಆ ಚಿತ್ರವೂ ಇದ್ದೇ ಇರುತ್ತವೆ. ಗಡಿಬಿಡಿಯಲ್ಲಿ ಪಟ್ಟಿ ಮಾಡಿದವರಿಗೆ ಎರಡೂ ಒಂದೇ ಥರ ಕಂಡವು. ಬೀದರ್ ಅಣ್ಣಾ, ನೀವು ಕೇಳುವ ವೇಗಕ್ಕೆ ಇದು ತೆರಬೇಕಾದ ಬೆಲೆ.

ಈಗ ಸರ್ಕಾರಕ್ಕೆ ಎರಡು ದಾರಿಗಳಿವೆ, ಜನ ಇವನ್ನು ಕಲಸಿಬಿಡುತ್ತಾರೆ. ಸರ್ಕಾರವೇ ತಡೆ ಆದೇಶ ಕೊಡುವ, ಐಟಿ ಕಾಯ್ದೆಯ 69ಎ ದಾರಿಯಲ್ಲಿ ಸಮಿತಿ ಇದೆ, ನೋಟಿಸು ಕೊಡಬೇಕು, ಕಾರಣ ಬರೆದಿಡಬೇಕು, ಪರಿಶೀಲನಾ ಸಮಿತಿ ಎರಡು ತಿಂಗಳಿಗೊಮ್ಮೆ ಕೂರಬೇಕು. ಆದರೆ 2009ರ ನಿಯಮಗಳ 16ನೇ ನಿಯಮ ಎಲ್ಲವನ್ನೂ ಗೋಪ್ಯ ಅನ್ನುತ್ತದೆ. ಹೀಗಾಗಿ ಬರೆದವನಿಗೆ ತನ್ನ ಬರಹ ಯಾಕೆ ಹೋಯಿತು ಅಂತ ಎಷ್ಟೋ ಸಲ ತಿಳಿಯುವುದೇ ಇಲ್ಲ. ಇನ್ನೊಂದು 79(3)(ಬಿ) ದಾರಿ. ಇಲ್ಲಿ ಸರ್ಕಾರ ತಡೆಯುವುದಿಲ್ಲ. ‘ಇದು ಕಾನೂನುಬಾಹಿರ, ತೆಗೆಯದಿದ್ದರೆ, ಬೇರೆಯವರು ಹಾಕಿದ್ದಕ್ಕೆ ನೀನು ಹೊಣೆಯಲ್ಲ ಅನ್ನುವ ರಕ್ಷಣೆ ಹೋಗುತ್ತದೆ’ ಅಂತ ಕಂಪನಿಗೆ ತಿಳಿಸುತ್ತದೆ. ಕಂಪನಿಗಳಿಗೆ ಇಂಥ ಸೂಚನೆ ಕಳಿಸುವ ಗೃಹ ಸಚಿವಾಲಯದ ಸಹಯೋಗ್ ಪೋರ್ಟಲ್ ನಡೆಯುವುದು ಇದರ ಮೇಲೆ.

ಎರಡೂ ದಾರಿಗಳ ಪರೀಕ್ಷೆ ನಮ್ಮ ಹೈಕೋರ್ಟಿನಲ್ಲೇ ಆಯಿತು. 69ಎ ಅಡಿ ಬಂದ ಆದೇಶಗಳ ವಿರುದ್ಧ ಟ್ವಿಟರ್ ಹೂಡಿದ್ದ ಅರ್ಜಿಯನ್ನು 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅವರು 50 ಲಕ್ಷ ರೂಪಾಯಿ ದಂಡದ ಸಮೇತ ವಜಾ ಮಾಡಿದರು. ಸಹಯೋಗ್ ವಿರುದ್ಧ ಅದೇ ಕಂಪನಿ (ಈಗ ಎಕ್ಸ್) ಹೂಡಿದ್ದ ಅರ್ಜಿಯನ್ನು 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ವಜಾ ಮಾಡಿದರು. 19ನೇ ವಿಧಿಯ ಮಾತಿನ ಹಕ್ಕು ನಾಗರಿಕರದು, ವಿದೇಶಿ ಕಂಪನಿಗಲ್ಲ ಅಂದರು. ಆ ತೀರ್ಪಿಗೆ ಗೌರವ ಕೊಟ್ಟೇ ನನ್ನ ಆತಂಕ ಹೇಳುತ್ತೇನೆ. ಕಂಪನಿಗೆ ಹಕ್ಕಿಲ್ಲ, ಬರೆದ ನಾಗರಿಕನಿಗೆ ನೋಟಿಸಿಲ್ಲ. ಹಾಗಾದರೆ ಪ್ರಶ್ನೆ ಕೇಳುವವರು ಯಾರು?

ಸ್ವಲ್ಪ ಸುಧಾರಣೆ ಆಗಿದೆ. 2025ರ ನವೆಂಬರ್ 15ರಿಂದ ಇಂಥ ಸೂಚನೆ ಕೊಡುವವರು ಸಾಮಾನ್ಯವಾಗಿ ಜಂಟಿ ಕಾರ್ಯದರ್ಶಿ ದರ್ಜೆಗೆ ಕಡಿಮೆ ಇರಬಾರದು, ಪೊಲೀಸರಾದರೆ ಡಿಐಜಿಗೆ ಕಡಿಮೆ ಇರಬಾರದು. ಯಾವ ಕಾನೂನು, ಯಾವ ಕಲಮು, ಯಾವ ಕೊಂಡಿ ಅಂತ ಬರೆಯಬೇಕು. ತಿಂಗಳಿಗೊಮ್ಮೆ ಕಾರ್ಯದರ್ಶಿ ಮಟ್ಟದ ಪರಿಶೀಲನೆ ಇದೆ. ಕಾರಣ ಬರೆಯಬೇಕು ಅನ್ನುವುದು ಒಳ್ಳೆಯದೇ. ಅದು ಬರೆದವನ ಕೈಗೂ ಸಿಗಬೇಕು ಅನ್ನುವ ಸಾಲು ಮಾತ್ರ ಇನ್ನೂ ಬರಬೇಕು.

ನೇರನುಡಿ

ಸರ್ಕಾರದ ಕೈ ಕಟ್ಟುವ ಮಾತೇ ಆಗುತ್ತಿದೆ. ಕಂಪನಿಗಳನ್ನು ಯಾರು ಕೇಳುತ್ತಾರೆ? ಯಾವ ವಿಡಿಯೊ ಮೇಲೆ ಬರಬೇಕು ಅಂತ ತೀರ್ಮಾನಿಸುವುದು ಅವರ ಯಂತ್ರ. ಸಿಟ್ಟು ಬರಿಸುವುದನ್ನು ಜನ ಹೆಚ್ಚು ಹೊತ್ತು ನೋಡುತ್ತಾರೆ, ಹೆಚ್ಚು ಹೊತ್ತು ನೋಡಿದರೆ ಹೆಚ್ಚು ಜಾಹೀರಾತು. ‘ನಾವು ಬರೀ ಅಂಚೆಯಣ್ಣ’ ಅನ್ನುವ ಅವರ ವಾದವನ್ನು ನಾನು ಒಪ್ಪುವುದಿಲ್ಲ; ಅಂಚೆಯಣ್ಣ ಪತ್ರ ಒಡೆದು ಓದಿ, ರೋಚಕವಾದದ್ದನ್ನು ಮೊದಲು ಹಂಚುವುದಿಲ್ಲ.

ಜರ್ಮನಿ 2017ರಲ್ಲೇ ಕಾಯ್ದೆ ತಂದಿತು: ಕಣ್ಣಿಗೆ ಹೊಡೆಯುವಂಥ ಕಾನೂನುಬಾಹಿರ ಬರಹ 24 ಗಂಟೆಯಲ್ಲಿ, ಉಳಿದದ್ದು ಸಾಮಾನ್ಯವಾಗಿ 7 ದಿನದಲ್ಲಿ ಹೋಗಬೇಕಿತ್ತು, ವ್ಯವಸ್ಥೆಯೇ ಸರಿಯಿಲ್ಲದಿದ್ದರೆ 5 ಕೋಟಿ ಯೂರೊವರೆಗೆ ದಂಡವಿತ್ತು. ನಾವೂ ಅಷ್ಟು ಗಟ್ಟಿಯಾಗಿ ನಿಲ್ಲಬಾರದೇಕೆ?

ಕಾನೂನು ಕಪಾಟು

ನೇರನುಡಿಯವರೇ, ಜರ್ಮನಿಯ ಪಾಠದ ಮುಂದಿನ ಪುಟವನ್ನೂ ಓದಬೇಕು. ಉಳಿಸಿಕೊಂಡರೆ ದಂಡ, ತೆಗೆದರೆ ಏನೂ ಇಲ್ಲ ಅಂತಾದರೆ ಯಾವ ಕಂಪನಿಯಾದರೂ ಅನುಮಾನ ಬಂದದ್ದನ್ನೆಲ್ಲ ತೆಗೆಯುತ್ತದೆ. ಆ ಕಾಯ್ದೆಯ ಮೇಲೆ ಬಂದ ಮುಖ್ಯ ಟೀಕೆಯೇ ಅದು. 2024ರ ಫೆಬ್ರುವರಿ 17ರಿಂದ ಪೂರ್ತಿ ಜಾರಿಯಾದ ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆ ಬೇರೆ ದಾರಿ ಹಿಡಿಯಿತು. ಬರಹ ತೆಗೆದಾಗಲೆಲ್ಲ ಬರೆದವನಿಗೆ ಕಾರಣಪತ್ರ ಹೋಗಬೇಕು. ಅದರಲ್ಲಿ ಯಾವ ಸಂಗತಿ, ಯಾವ ಕಾನೂನು ಅಥವಾ ಕಂಪನಿಯ ಯಾವ ನಿಯಮ, ತೀರ್ಮಾನಕ್ಕೆ ಯಂತ್ರ ಬಳಸಿದ್ದೇ, ಮೇಲ್ಮನವಿ ಎಲ್ಲಿ ಅನ್ನುವುದು ಇರಬೇಕು. ಮೇಲ್ಮನವಿಗೆ ಕನಿಷ್ಠ 6 ತಿಂಗಳು ಬಾಗಿಲು ತೆರೆದಿರಬೇಕು, ಅದನ್ನು ಬರೀ ಯಂತ್ರ ತೀರ್ಮಾನಿಸುವಂತಿಲ್ಲ. ದೊಡ್ಡ ಜಾಲತಾಣಗಳು ತಮ್ಮ ಶಿಫಾರಸು ಯಂತ್ರದಿಂದ ಆಗುವ ಅಪಾಯವನ್ನು ವರ್ಷಕ್ಕೊಮ್ಮೆ ತಾವೇ ಅಳೆದು ವರದಿ ಕೊಡಬೇಕು. ದಂಡ ಜಾಗತಿಕ ವಹಿವಾಟಿನ ಶೇ 6ರವರೆಗೆ. ನೀವು ಎತ್ತಿದ ಅಂಚೆಯಣ್ಣನ ಪ್ರಶ್ನೆಗೆ ಸರಿಯಾದ ಉತ್ತರ ಈ ಅಪಾಯದ ಲೆಕ್ಕ. ಒಂದೊಂದೇ ಪೋಸ್ಟಿನ ಹಿಂದೆ ಓಡಿದರೆ ಆ ಯಂತ್ರ ಹಾಗೆಯೇ ಉಳಿಯುತ್ತದೆ.

ಪದಸಂಪದ

ಕನ್ನಡದ ಮಟ್ಟಿಗೆ ಯಂತ್ರ ಎಲ್ಲಿ ಎಡವುತ್ತದೆ ಅಂತ ಹೇಳುತ್ತೇನೆ. ‘ಬೆಂಕಿ ಗುರು!’ ಅಂದರೆ ಮೆಚ್ಚುಗೆ. ‘ನಗಿಸಿ ಸಾಯಿಸ್ತೀಯಾ’ ಅಂದರೆ ಸಲುಗೆ. ಕ್ರಿಕೆಟ್ ದಿನ ‘ಹೊಡಿ, ಬಿಡಬೇಡ’ ಅಂದರೆ ಆಟ. ಗಲಾಟೆಯ ದಿನ ಊರಿನ ಹೆಸರು ಸೇರಿಸಿ ಅದೇ ಮಾತು ಬರೆದರೆ ಪ್ರಚೋದನೆ. ಇದರ ಮೇಲೆ, ನಮ್ಮವರಲ್ಲಿ ಎಷ್ಟೋ ಮಂದಿ ಕನ್ನಡವನ್ನು ರೋಮನ್ ಅಕ್ಷರದಲ್ಲಿ ಬರೆಯುತ್ತಾರೆ. ಅದಕ್ಕೆ ನಿಗದಿಯಾದ ಕಾಗುಣಿತವಿಲ್ಲ, ದೀರ್ಘ ಹ್ರಸ್ವ ಒಂದಾಗುತ್ತವೆ, ಳಕಾರ ಲಕಾರ ಒಂದಾಗುತ್ತವೆ. ‘ಕೊಳ್ಳು’, ‘ಕೊಲ್ಲು’ ಎರಡೂ ಒಂದೇ ಥರ ಕಾಣುತ್ತವೆ. ಕನ್ನಡ ಅಕ್ಷರದಲ್ಲಿ ತರಬೇತಾದ ಯಂತ್ರ ಅಲ್ಲಿ ಕೈಚೆಲ್ಲುತ್ತದೆ.

ಒಳ್ಳೆಯ ಯಂತ್ರವೇ ಸಿಕ್ಕಿತು ಅಂತಲೇ ಲೆಕ್ಕ ಹಾಕೋಣ. 10 ಲಕ್ಷ ಪೋಸ್ಟುಗಳಲ್ಲಿ 1,000 ನಿಜವಾಗಿ ಅಪಾಯಕಾರಿ ಅಂದುಕೊಳ್ಳಿ. ಯಂತ್ರ ಅಪಾಯಕಾರಿಯಾದ ನೂರರಲ್ಲಿ 95 ಹಿಡಿಯುತ್ತದೆ, ಒಳ್ಳೆಯ ನೂರರಲ್ಲಿ ಒಂದನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ. ಹಾಗಾದರೆ ಸರಿಯಾಗಿ ಹಿಡಿದದ್ದು 950, ತಪ್ಪಾಗಿ ಹಿಡಿದದ್ದು 9,990. ಸಿಕ್ಕ 10,940ರಲ್ಲಿ ನಿಜವಾದ ಅಪಾಯ ನೂರಕ್ಕೆ ಒಂಬತ್ತೂ ಇಲ್ಲ. ಒಂದಕ್ಕೆ ಒಂದು ನಿಮಿಷದಂತೆ ಮನುಷ್ಯರು ನೋಡಿದರೆ 182 ಗಂಟೆ, ಅಂದರೆ 8 ಗಂಟೆ ದುಡಿಯುವ ಸುಮಾರು 23 ಮಂದಿಗೆ ಒಂದು ದಿನದ ಕೆಲಸ. 3 ಗಂಟೆಯಲ್ಲಿ ಮುಗಿಸಿ ಅಂದರೆ 61 ಮಂದಿ ಬೇಕು. ಆದ್ದರಿಂದ ಕಾಯ್ದೆ ಗಡುವು ಬರೆಯುವುದಾದರೆ, ಕನ್ನಡ ಬಲ್ಲ ಪರಿಶೀಲಕರು ಎಷ್ಟು ಮಂದಿ, ತುಳು, ಕೊಂಕಣಿ, ದಖನಿ ಉರ್ದು ಬಲ್ಲವರು ಎಷ್ಟು ಅಂತ ಕಂಪನಿಗಳು ಪ್ರಕಟಿಸಬೇಕು ಅಂತಲೂ ಬರೆಯಲಿ. ಆ ಸಂಖ್ಯೆ ಗೊತ್ತಿಲ್ಲದೆ ಗಡುವು ಹಾಕಿದರೆ ತಪ್ಪಾಗಿ ಅಳಿಸುವುದನ್ನೇ ಹೆಚ್ಚಿಸಿದಂತೆ.

ಕರಾವಳಿ ಓದುಗಿ

ಕಾಯ್ದೆ ಬರುವ ತನಕ ಕೂರುವುದು ಬೇಡ, ಇವತ್ತೇ ಮಾಡಬಹುದಾದದ್ದು ಹೇಳುತ್ತೇನೆ. ಗಲಾಟೆಯ ವಿಡಿಯೊ ಬಂತು ಅಂದರೆ ಮೊದಲು ಶಬ್ದ ಬಂದ್ ಮಾಡಿ ನೋಡಿ. ದಾರಿ ತಪ್ಪಿಸುವುದು ಹೆಚ್ಚಾಗಿ ಮೇಲೆ ಅಂಟಿಸಿದ ಧ್ವನಿ. ವಿಡಿಯೊ ನಿಲ್ಲಿಸಿ ಬೋರ್ಡು, ವಾಹನ, ಕಟ್ಟಡ ಚೆನ್ನಾಗಿ ಕಾಣುವ ಮೂರು ನಾಲ್ಕು ಚೌಕಟ್ಟುಗಳ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೆ ಹಾಕಿ. ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹಳೆಯ ಮೂಲ ಸಿಗಬಹುದು. ವಾಹನದ ಸಂಖ್ಯೆ ಕೆಎ 19 ಆದರೆ ಮಂಗಳೂರು ನೋಂದಣಿ, ಕೆಎ 38 ಆದರೆ ಬೀದರ್. ಬೇರೆ ರಾಜ್ಯದ್ದೇ ತುಂಬಿದ್ದರೆ ಅನುಮಾನ ಪಡಿ. ಬಸ್ಸಿನ ಮೇಲೆ ‘ಈಶಾನ್ಯ ಕರ್ನಾಟಕ’ ಅಂತಿದ್ದರೆ ವಿಡಿಯೊ ಹಳೆಯದಿರಬಹುದು, ಆ ಸಾರಿಗೆ ನಿಗಮ 2021ರಲ್ಲಿ ‘ಕಲ್ಯಾಣ ಕರ್ನಾಟಕ’ ಆಯಿತು. ವಾಟ್ಸಾಪಿನಲ್ಲಿ ಬಂದ ಚಿತ್ರದಲ್ಲಿ ತೆಗೆದ ದಿನ, ಜಾಗದ ವಿವರ ಹುಡುಕಬೇಡಿ. ಕಳಿಸುವಾಗಲೇ ಅದು ಅಳಿದಿರುತ್ತದೆ.

ದೂರು ಕೊಡುವಾಗ ಬಹಳ ಮಂದಿ ಮಾಡುವ ತಪ್ಪು ಬರೀ ಸ್ಕ್ರೀನ್‌ಶಾಟ್ ಕಳಿಸುವುದು. ಖಾತೆಯ ಕೊಂಡಿಯೂ ಸಾಲದು, ಆ ಪೋಸ್ಟಿನದೇ ಕೊಂಡಿ ಬೇಕು. ದಿನ, ಹೊತ್ತು ಬರೆದಿಡಿ. ಮೂಲ ಕಡತ ಕೈಗೆ ಸಿಕ್ಕರೆ ಅಳಿಸಬೇಡಿ, ಬೇರೆ ಹೆಸರಿಗೂ ಬದಲಿಸಬೇಡಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಸಂಖ್ಯೆಯನ್ನೂ (ಮೇಲೆ ಹೇಳಿದ ಗಣಿತದ ಬೆರಳಚ್ಚು) ನಮೂದಿಸಬೇಕು. ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಹೋದರೆ 24 ಗಂಟೆಯಲ್ಲಿ ಸ್ವೀಕೃತಿ ಬರಬೇಕು. ಉತ್ತರ ಸಮಾಧಾನ ತರದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಅಂತರ್ಜಾಲದಲ್ಲೇ ಅರ್ಜಿ ಹಾಕಬಹುದು. ನಿಮ್ಮದೇ ಪೋಸ್ಟನ್ನು ಕಂಪನಿ ತಪ್ಪಾಗಿ ತೆಗೆದಿದ್ದರೂ ಇದೇ ಬಾಗಿಲು. ಇದು ಬಹಳ ಮಂದಿಗೆ ಗೊತ್ತಿಲ್ಲ.

ನೇರನುಡಿ

ಮೇಡಂ, ಆ ಸಮಿತಿಯ ಸದಸ್ಯರನ್ನು ನೇಮಿಸುವುದೂ ಕೇಂದ್ರ ಸರ್ಕಾರವೇ ಅಲ್ಲವೇ?

ಕರಾವಳಿ ಓದುಗಿ

ಹೌದು, ಅದು ಅದರ ದೌರ್ಬಲ್ಯವೇ. ಆದರೂ ದುಡ್ಡಿಲ್ಲದೆ, ವಕೀಲರಿಲ್ಲದೆ ಹೋಗಬಹುದಾದ ಬಾಗಿಲು ಸದ್ಯಕ್ಕೆ ಅದು.

ತುಂಗಾತೀರ

ಎಲ್ಲರ ಮಾತು ಕೂಡಿಸಿ ಸರ್ಕಾರಕ್ಕೆ ಬರೆಯುವ ಪತ್ರಕ್ಕೆ ಹೀಗೆ ಅಂದುಕೊಂಡಿದ್ದೇನೆ. ಪ್ರಾಧಿಕಾರದಲ್ಲಿ ಸಚಿವರು, ಶಾಸಕರು ಬೇಡ; ನಿವೃತ್ತ ನ್ಯಾಯಾಧೀಶರ ಅಧ್ಯಕ್ಷತೆ ಇರಲಿ. ಅದು ‘ತೆಗೆ’ ಅನ್ನುವ ಅಧಿಕಾರ ಇಟ್ಟುಕೊಳ್ಳದೆ, ಸರಿಯಾದ ಮಾಹಿತಿ ಪ್ರಕಟಿಸುವ ಕೆಲಸ ಮಾಡಲಿ. ಸ್ತ್ರೀವಾದ, ಸನಾತನದ ಕಲಮುಗಳು ಬಿದ್ದುಹೋಗಲಿ. ಹಾನಿಯಾಗುವಂತೆ ಸುಳ್ಳು ಅಥವಾ ತಪ್ಪಾದ ಮಾಹಿತಿ ಹಬ್ಬಿಸಿದವರಿಗೆ ಮಾತ್ರ ಶಿಕ್ಷೆ.

ಕಾನೂನು ಕಪಾಟು

ಕೊನೆಯ ಸಾಲಿನಿಂದ ‘ತಪ್ಪಾದ’ ತೆಗೆಯಿರಿ. ವರದಿಗಾರ ಸಾವಿನ ಸಂಖ್ಯೆಯನ್ನು 12ರ ಬದಲು 14 ಅಂತ ಬರೆದರೂ ಅದು ‘ತಪ್ಪಾದ ಮಾಹಿತಿ’. ಕರಡಿನಲ್ಲೂ ಇದೇ ಅಪಾಯವಿತ್ತು, ಬೇರೆಯವರ ಹೇಳಿಕೆಯನ್ನು ನಿಖರವಾಗಿ ವರದಿ ಮಾಡದಿರುವುದನ್ನೂ ಸುಳ್ಳು ಸುದ್ದಿಯ ವ್ಯಾಖ್ಯೆಗೆ ಸೇರಿಸಿದ್ದರು. ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಮು ಈಗಾಗಲೇ ಜನರಲ್ಲಿ ಭೀತಿ, ದ್ವೇಷ ಹುಟ್ಟಿಸುವ ಸುಳ್ಳು ಮಾಹಿತಿಗೆ 3 ವರ್ಷದವರೆಗೆ ಶಿಕ್ಷೆ ಇಟ್ಟಿದೆ; ಸತ್ಯವೆಂದು ನಂಬಲು ಕಾರಣವಿದ್ದು, ಕೇಡಿನ ಉದ್ದೇಶವಿಲ್ಲದೆ ಸದ್ಭಾವದಿಂದ ಹೇಳಿದವರಿಗೆ ವಿನಾಯಿತಿಯನ್ನೂ ಕೊಟ್ಟಿದೆ. ರಾಜ್ಯದ ಕಾಯ್ದೆ ಆ ವಿನಾಯಿತಿಯನ್ನು ಕಿತ್ತುಕೊಳ್ಳಬಾರದು ಅಂತ ಪತ್ರದಲ್ಲಿ ಮೊದಲು ಬರೆಯಿರಿ. ಗುಂಪಿನ ಅಡ್ಮಿನ್ ಬಗ್ಗೆಯೂ ಒಂದು ಸಾಲು ಇರಲಿ: ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ.

ಬೀದರ್ ಕಡೆಯವ

ಪತ್ರಕ್ಕ ನನ್ನ ಒಪ್ಪಿಗಿ ಅದ. ಇದೊಂದು ಸೇರಸ್ರಿ. ತೆಗೆಯೋದು ಆಗೂದಿಲ್ಲಂದ್ರ ತಿದ್ದೂ ಮಾತರ ಲಗೂನ ಹೋಗಬೇಕು. ಗುಲ್ಲೆದ್ದ ಅರ್ಧ ತಾಸಿನಾಗ ಜಿಲ್ಲಾ ಎಸ್ಪಿ ಅಥವಾ ಆ ಠಾಣೆ ಪಿಎಸ್ಐ ತಮ್ಮದೇ ದನಿಯಾಗ, ಆ ಸೀಮಿ ಮಾತಿನಾಗ, 30 ಸೆಕೆಂಡಿನ ಆಡಿಯೊ ಮಾಡಿ ಪಂಚಾಯ್ತಿ ಸದಸ್ಯರು, ಆಶಾ ಕಾರ್ಯಕರ್ತೆಯರು, ಸಾಲಿ ಮಾಸ್ತರರ ಗುಂಪಿಗೆ ಹಾಕಬೇಕು. ಬೀದರದಾಗ ಕನ್ನಡ ಒಂದರಾಗ ಸಾಲೂದಿಲ್ಲ, ಉರ್ದು, ಮರಾಠಿ, ತೆಲುಗಿನಾಗೂ ಬೇಕು. ವಿಡಿಯೊ ಬ್ಯಾಡ, ನೆಟ್‌ವರ್ಕ್ ಕಮ್ಮಿ ಇರೋ ತಾಂಡಾದಾಗ ಇಳಿಯೂದಿಲ್ಲ. ಕಾಗದದ ಮ್ಯಾಲಿನ ಪ್ರಕಟಣೆ ಫೋಟೊ ಹಾಕಿದ್ರ ಓದಾಕ ಬಾರದವ್ರಿಗೆ ಮುಟ್ಟೂದಿಲ್ಲ. ಫೋನ್ ಇಲ್ಲದವರಿಗೆ ಪಂಚಾಯ್ತಿ ಕಸದ ಗಾಡಿ ಮೈಕಿನಾಗ ಅದನ್ನ ಹಾಕ್ರಿ. ಮಾತಿನ ಮೊದಲ ಸಾಲಿನಾಗನ ತಾರೀಖು, ಹೊತ್ತು, ಊರ ಹೆಸರು ಹೇಳಬೇಕು. ಅದನ್ನ ಬಿಟ್ರ ಆರು ತಿಂಗಳ ಮ್ಯಾಲೆ ಇನ್ನೊಂದು ಜಿಲ್ಲೆಯಾಗ ಅದೇ ಆಡಿಯೊ ತಿರುಗಿ, ‘ಪೊಲೀಸ್ರ ಹೇಳ್ಯಾರ, ಕಳ್ಳರು ಬಂದಾರಂತ’ ಅಂತ ಹೊಸಾ ಗುಲ್ಲು ಏಳತದ.